ನೆಟ್ಟವರ ಲೆಕ್ಕ ಸಿಗುತ್ತೆ, ನೋಡಿಕೊಂಡವರದ್ದು?

ಹೋದ ಎಪಿಸೋಡ್ ಆದ್ಮೇಲೆ ತುಂಬ ಜನ ಕೇಳಿದ್ದು ಒಂದೇ ಮಾತು: ಯಾವಾಗ್ಲೂ ರಾಜರ ಕಥೆನೇ ಯಾಕೆ, ನಮ್ಮ ಕಾಲದ ಇತಿಹಾಸ ಹೇಳಿ ಅಂತ. ಸರಿ. ಇವತ್ತಿನದು ಹೆಚ್ಚುಕಡಿಮೆ ನಮ್ಮ ವಯಸ್ಸಿನಷ್ಟೇ ಹಳೆಯ ಇತಿಹಾಸ. 1999ರಲ್ಲಿ, ಒಡಿಶಾದಲ್ಲಿ ಶುರುವಾಗುತ್ತೆ. ಆದರೆ ನನ್ನ ಮಟ್ಟಿಗೆ ಅದು ಶುರುವಾಗಿದ್ದು ಕುಮಟಾ ಹತ್ತಿರ, ಮೊಣಕಾಲುದ್ದ ಕೆಸರಿನಲ್ಲಿ.

ಬಿಕಾಂ ಎರಡನೇ ವರ್ಷ. ಕಾಲೇಜಿನ ಕ್ಯಾಂಪಿಗೆ ಅಂತ ನಮ್ಮನ್ನೆಲ್ಲ ಹುಬ್ಬಳ್ಳಿಯಿಂದ ಬಸ್ಸಲ್ಲಿ ಕರ್ಕೊಂಡು ಹೋಗಿದ್ರು. ಅಳಿವೆ ದಂಡೆಯಲ್ಲಿ ಕಾಂಡ್ಲಾ ಗಿಡ ನೆಡೋ ಕಾರ್ಯಕ್ರಮ. ಕುಮಟಾ ಕಡೆ ನನ್ನ ಅಮ್ಮನ ತವರು, ಹಾಗಾಗಿ ನಾನೇ ಅಲ್ಲಿ ದೊಡ್ಡ ಎಕ್ಸ್‌ಪರ್ಟು ಅಂತ ಓಡಾಡ್ತಿದ್ದೆ. ಅರ್ಧ ದಿನದಲ್ಲಿ 300 ಗಿಡ ನೆಟ್ವಿ. ಬ್ಯಾನರ್ ಹಿಡಿದು ಫೋಟೋ, ಆಮೇಲೆ ಉಪ್ಪಿಟ್ಟು, ಚಹಾ. ಮರುವರ್ಷ ದೀಪಾವಳಿಗೆ ಅಜ್ಜಿಮನೆಗೆ ಹೋದಾಗ ಸುಮ್ಮನೆ ಆ ಜಾಗ ನೋಡ್ಕೊಂಡು ಬರೋಣ ಅಂತ ಹೋದೆ. ಸಾಲಾಗಿ ಒಣ ಕಡ್ಡಿಗಳು ನಿಂತಿದ್ವು. ಎಲೆ ಇದ್ದ ಗಿಡ ಎಣಿಸಿದೆ: 11. ಸಂಜೆ ಮಾವನಿಗೆ ಹೇಳಿದ್ರೆ ಅವರು ಕವಳದ ತಟ್ಟೆಯಿಂದ ತಲೆ ಎತ್ತಲೂ ಇಲ್ಲ. "ನೆಟ್ಟವರು ನೀವು, ಸರಿ. ದನ ಹೊಡಿಯೋರು ಯಾರು ತಮಾ?"

ಆವತ್ತು ನನಗೆ ಸ್ವಲ್ಪ ಸಿಟ್ಟೇ ಬಂದಿತ್ತು. ಆಮೇಲೆ ಬೆಂಗಳೂರಲ್ಲಿ ಒಬ್ಬ ಆಡಿಟರ್ ಹತ್ತಿರ ಎರಡು ವರ್ಷ ಕೆಲಸ ಮಾಡಿದೆ. ಅಲ್ಲಿ ಒಂದು ಕೆಲಸ ಇರುತ್ತೆ, ಪುಸ್ತಕದಲ್ಲಿ ಬರೆದಿರೋ ಸ್ಟಾಕು ಗೋಡೌನಲ್ಲಿ ನಿಜವಾಗ್ಲೂ ಇದೆಯಾ ಅಂತ ಹೋಗಿ ಎಣಿಸೋದು. ಬೇಜಾರಿನ ಕೆಲಸ, ಧೂಳು ಬೇರೆ. ಆದರೆ ಗೋಡೌನಿಗೆ ಹೋಗಿ ಎಣಿಸೋವರೆಗೂ ಪುಸ್ತಕದಲ್ಲಿರೋದು ಬರೀ ಸಂಖ್ಯೆ. ಆವಾಗ ಮಾವನ ಮಾತು ಅರ್ಥವಾಯ್ತು. ಈ ಎಪಿಸೋಡ್ ಪೂರ್ತಿ ಅದೇ ಎಣಿಕೆಯ ಕಥೆ ಅಂತಲೇ ಇಟ್ಕೊಳ್ಳಿ.

ಮೊದಲು, ಕಾಂಡ್ಲಾ ಅಂದ್ರೇನು ಅಂತ ಗೊತ್ತಿಲ್ಲದ ಬಯಲುಸೀಮೆ ಗೆಳೆಯರಿಗೆ. ನದಿ ಸಮುದ್ರ ಸೇರೋ ಕಡೆ, ಉಬ್ಬರದಲ್ಲಿ ಉಪ್ಪುನೀರು ಮುಳುಗಿಸಿ ಇಳಿತದಲ್ಲಿ ಬಿಟ್ಟುಹೋಗೋ ಕೆಸರಲ್ಲಿ ಬೆಳೆಯೋ ಮರಗಳು. ಇಂಗ್ಲಿಷಲ್ಲಿ ಮ್ಯಾಂಗ್ರೋವ್. ಬೇರುಗಳು ಮರವನ್ನು ಕೆಸರಿನಿಂದ ಮೇಲೆತ್ತಿ ಹಿಡಿದ ಕಾಲುಗಳ ಹಾಗೆ ಇರ್ತವೆ. ಕೆಲವು ಜಾತಿಯಲ್ಲಿ ಉಸಿರಾಡೋಕೆ ನೆಲದಿಂದ ಪೆನ್ಸಿಲ್ ಥರ ಮೇಲಕ್ಕೆ ಏಳ್ತವೆ. ಇನ್ನು ಕೆಲವದರಲ್ಲಿ ಬೀಜ ಮರದ ಮೇಲೇ ಮೊಳೆತು ನುಗ್ಗೆಕಾಯಿ ಹಾಗೆ ಜೋತಾಡುತ್ತೆ. ನಾವು ಆವತ್ತು ಕೆಸರಿಗೆ ಚುಚ್ಚಿದ್ದು ಅದನ್ನೇ. ಆ ಬೇರುಗಳ ಸಂದಿಯಲ್ಲಿ ಮೀನು, ಸಿಗಡಿ, ಏಡಿಗಳ ಮರಿ ಬೆಳೀತವೆ. ಅಲೆ ಬಂದ್ರೆ ಅದರ ಜೋರು ಇದೇ ಬೇರು ಕಾಂಡಗಳಿಗೆ ಬಡಿದು ಕಡಿಮೆಯಾಗುತ್ತೆ.

ಎಷ್ಟು ಕಡಿಮೆಯಾಗುತ್ತೆ ಅನ್ನೋ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ತುಂಬ ದುಬಾರಿ ದಾರಿಯಲ್ಲಿ.

1999ರ ಅಕ್ಟೋಬರ್ 29. ಒಡಿಶಾದ ಪಾರಾದೀಪ್ ಹತ್ತಿರ ಸೂಪರ್ ಸೈಕ್ಲೋನ್ ದಡ ಮುಟ್ಟಿತು. ಗಾಳಿ ಗಂಟೆಗೆ 250 ಕಿ.ಮೀ.ಗಿಂತ ಜೋರು. ಜನ ಹೆಚ್ಚಾಗಿ ಸತ್ತಿದ್ದು ಗಾಳಿಗಲ್ಲ, ಸಮುದ್ರದ ನೀರು ಗೋಡೆಯ ಹಾಗೆ ಊರೊಳಗೆ ನುಗ್ಗಿದ್ದಕ್ಕೆ. ಸುಮಾರು 10 ಸಾವಿರ ಜನ ತೀರಿಕೊಂಡರು, ಅದರಲ್ಲಿ ಬಹುಪಾಲು ಜಗತ್‌ಸಿಂಗ್‌ಪುರ ಎಂಬ ಒಂದೇ ಜಿಲ್ಲೆಯವರು. ಪಕ್ಕದ ಕೇಂದ್ರಪಾಡಾ ಜಿಲ್ಲೆಯಲ್ಲಿ ಭಿತರಕನಿಕಾ ಅನ್ನೋ ದೊಡ್ಡ ಕಾಂಡ್ಲಾ ಕಾಡಿದೆ. 1975ರಿಂದ ಅಭಯಾರಣ್ಯ, ಮೊಸಳೆಗೆ ಹೆಸರುವಾಸಿ.

ಹತ್ತು ವರ್ಷ ಆದ್ಮೇಲೆ, 2009ರಲ್ಲಿ, ಸೌದಾಮಿನಿ ದಾಸ್ ಮತ್ತು ಜೆಫ್ರಿ ವಿನ್ಸೆಂಟ್ ಅನ್ನೋ ಇಬ್ಬರು ಒಂದು ಅಧ್ಯಯನ ಪ್ರಕಟಿಸಿದರು. ಗಮನಿಸಿ, ಇಬ್ಬರೂ ಅರ್ಥಶಾಸ್ತ್ರದವರು! (ನಮ್ಮ ಕಾಮರ್ಸ್ ಜನಕ್ಕೆ ಇಂಥ ಖುಷಿ ಸಿಗೋದು ಅಪರೂಪ.) ಕೇಂದ್ರಪಾಡಾದ 409 ಹಳ್ಳಿಗಳ ಸಾವಿನ ಲೆಕ್ಕ ತಗೊಂಡು, ಪ್ರತಿ ಹಳ್ಳಿಗೂ ಸಮುದ್ರಕ್ಕೂ ನಡುವೆ ಎಷ್ಟು ಅಗಲದ ಕಾಂಡ್ಲಾ ಇತ್ತು ಅಂತ ಜೋಡಿಸಿ ನೋಡಿದರು. ಸಮುದ್ರದಿಂದ ಎಷ್ಟು ದೂರ, ನೆಲ ಎಷ್ಟು ಎತ್ತರ, ಊರಲ್ಲಿ ಬಡತನ ಎಷ್ಟು, ಇವೆಲ್ಲ ಬೇರೆ ಮಾಡಿ ನೋಡಿದ್ರೂ, ಅಗಲವಾದ ಕಾಂಡ್ಲಾ ಹಿಂದಿದ್ದ ಹಳ್ಳಿಗಳಲ್ಲಿ ಸಾವು ಕಡಿಮೆ.

ಇಲ್ಲೊಂದು ಮಾತು ಹೇಳಲೇಬೇಕು, ಯಾಕಂದ್ರೆ ರೀಲ್ಸ್‌ನಲ್ಲಿ ಇದನ್ನ ಯಾರೂ ಹೇಳಲ್ಲ. ಅದೇ ಅಧ್ಯಯನದ ಪ್ರಕಾರ ಕಾಡಿಗಿಂತ ಹೆಚ್ಚು ಜೀವ ಉಳಿಸಿದ್ದು ಸರ್ಕಾರ ಮೊದಲೇ ಕೊಟ್ಟ ಚಂಡಮಾರುತದ ಎಚ್ಚರಿಕೆ. ಒಡಿಶಾ ಈ ಪಾಠವನ್ನ ಚೆನ್ನಾಗಿ ಕಲಿತುಕೊಂಡಿತು. 2013ರಲ್ಲಿ ಫೈಲಿನ್ ಬಂದಾಗ ಲಕ್ಷಾಂತರ ಜನರನ್ನ ಮೊದಲೇ ಎತ್ತರದ ಜಾಗಕ್ಕೆ, ಆಶ್ರಯ ಕಟ್ಟಡಗಳಿಗೆ ಸಾಗಿಸಿದರು. ಸಾವಿನ ಸಂಖ್ಯೆ ಎರಡಂಕಿಯಲ್ಲೇ ನಿಂತಿತು. ಮರ ಇದ್ರೆ ಸಾಕು ಅನ್ನೋದು ಸುಳ್ಳು. ಆದರೆ ಮನೆ, ಗದ್ದೆ, ದೋಣಿಯನ್ನ ಲಾರಿಗೆ ಹಾಕ್ಕೊಂಡು ಹೋಗೋಕಾಗಲ್ವಲ್ಲ. ಓಡಿಹೋದ ಜನ ವಾಪಸ್ ಬರೋಕೆ ಊರು ಉಳಿದಿರಬೇಕು.

ಐದು ವರ್ಷ ಮುಂದೆ ಬನ್ನಿ. 2004ರ ಡಿಸೆಂಬರ್ 26, ಭಾನುವಾರ. ಸುಮಾತ್ರಾ ಹತ್ತಿರ ಸಮುದ್ರದಡಿ ಭೂಕಂಪ, ಆಮೇಲೆ ಸುನಾಮಿ. ಇಂಡೋನೇಷ್ಯಾ, ಥಾಯ್ಲೆಂಡ್, ಶ್ರೀಲಂಕಾ, ಭಾರತ, ಮಾಲ್ಡೀವ್ಸ್, ಆಫ್ರಿಕಾದ ದಡದವರೆಗೂ 2 ಲಕ್ಷಕ್ಕೂ ಹೆಚ್ಚು ಜನ. ನನಗೆ ಆಗ ಪ್ರೈಮರಿ ಸ್ಕೂಲು ವಯಸ್ಸು. ಟಿವಿ ಮುಂದೆ ಅಜ್ಜಿ ಕೈ ಮುಗಿದು ಕೂತಿದ್ದು ನೆನಪಿದೆ. ಸಮುದ್ರದ ಪಕ್ಕ ಬದುಕಿದ ಹೆಂಗಸು, ಅವಳಿಗೆ ಅದು ದೂರದ ಸುದ್ದಿ ಆಗಿರಲಿಲ್ಲ.

ಮರುವರ್ಷ 'ಸೈನ್ಸ್' ಪತ್ರಿಕೆಯಲ್ಲಿ ತಮಿಳುನಾಡಿನ ಕಡಲೂರು ಜಿಲ್ಲೆಯ ಬಗ್ಗೆ ಒಂದು ಚಿಕ್ಕ ಬರಹ ಬಂತು. ದಂಡೆ ಮೇಲೆ ನೇರವಾಗಿದ್ದ ಹಳ್ಳಿಗಳು ಪೂರ್ತಿ ನಾಶ. ಕಾಂಡ್ಲಾ ಹಿಂದಿದ್ದ ಹಳ್ಳಿಗಳಿಗೆ ಏನೂ ಆಗಿಲ್ಲ. ಅದೇ ಕರಾವಳಿಯ ಇನ್ನೊಂದು ಅಧ್ಯಯನದ ಮೇಲೆ ಜಗಳವೂ ಆಯಿತು. ಹಳ್ಳಿ ಉಳಿದದ್ದು ಮರದಿಂದಲ್ಲ, ಅದು ದೂರದಲ್ಲಿ ಎತ್ತರದಲ್ಲಿ ಇದ್ದದ್ದರಿಂದ ಅಂತ ಕೆಲವು ವಿಜ್ಞಾನಿಗಳು ಅದೇ ಅಂಕಿಅಂಶ ಮತ್ತೆ ಲೆಕ್ಕ ಹಾಕಿ ತೋರಿಸಿದರು. ಚಂಡಮಾರುತದ ನೀರಿಗೂ ಸುನಾಮಿಗೂ ವ್ಯತ್ಯಾಸ ಇದೆ, ಅದು ನಿಜ. ಆದರೆ ಆಗ ಜಗತ್ತಿಗೆ ಒಂದು ಭರವಸೆ ಬೇಕಾಗಿತ್ತು, ಕೈಯಲ್ಲಿ ಪರಿಹಾರದ ದುಡ್ಡೂ ಇತ್ತು.

ಆ ಹೊತ್ತಿನಲ್ಲಿ ಹುಟ್ಟಿದ್ದು 'ಮ್ಯಾಂಗ್ರೋವ್ಸ್ ಫಾರ್ ದಿ ಫ್ಯೂಚರ್'. 2006ರಲ್ಲಿ ಶುರು. ಮುಂದೆ ನಿಂತು ನಡೆಸಿದ್ದು ಐಯುಸಿಎನ್ ಮತ್ತು ವಿಶ್ವಸಂಸ್ಥೆಯ ಯುಎನ್‌ಡಿಪಿ. ಮೊದಲು ಸುನಾಮಿ ಪೆಟ್ಟು ತಿಂದ 6 ದೇಶ: ಭಾರತ, ಇಂಡೋನೇಷ್ಯಾ, ಮಾಲ್ಡೀವ್ಸ್, ಸೇಷೆಲ್ಸ್, ಶ್ರೀಲಂಕಾ, ಥಾಯ್ಲೆಂಡ್. ಆಮೇಲೆ ಪಾಕಿಸ್ತಾನ, ವಿಯೆಟ್ನಾಂ, ಬಾಂಗ್ಲಾದೇಶ, ಕಾಂಬೋಡಿಯಾ, ಮ್ಯಾನ್ಮಾರ್ ಸೇರಿ 11 ಆಯಿತು. ಭಾರತ, ಪಾಕಿಸ್ತಾನ ಎರಡೂ ಒಂದೇ ಮೇಜಿನ ಸುತ್ತ ಕೂತು ಕೆಸರಿನ ಬಗ್ಗೆ ಮಾತಾಡಿದ ಅಪರೂಪದ ಜಾಗ ಅದು. ಹೆಸರಲ್ಲಿ ಮ್ಯಾಂಗ್ರೋವ್ ಇದ್ರೂ ಹವಳ, ಕಡಲಹುಲ್ಲು, ಅಳಿವೆ, ಮರಳದಂಡೆ ಎಲ್ಲವೂ ಅದರ ವ್ಯಾಪ್ತಿಗೆ ಬರ್ತಿತ್ತು.

ಕಾಮರ್ಸ್ ತಲೆಗೆ ಹಿಡಿಸಿದ್ದು ಅವರು ಬಳಸಿದ ಪದ. ಕರಾವಳಿಯ ಪರಿಸರದಲ್ಲಿ 'ಹೂಡಿಕೆ' ಮಾಡಿ ಅಂದರು. ದಾನ ಅನ್ನಲಿಲ್ಲ. ರಸ್ತೆ, ಬಂದರು, ಅಣೆಕಟ್ಟು ಹೇಗೆ ಆಸ್ತಿಯೋ ಕಾಂಡ್ಲಾ ಕಾಡೂ ಹಾಗೇ ಆಸ್ತಿ ಅಂತ. ಒಳ್ಳೆ ಮಾತು, ನಾನು ಒಪ್ತೀನಿ. ಆದರೆ ಆಸ್ತಿ ಅಂದ ಕೂಡಲೇ ಯಾವ ಅಕೌಂಟೆಂಟಾದ್ರೂ ಮುಂದಿನ ಪ್ರಶ್ನೆ ಕೇಳ್ತಾನೆ: ನಿರ್ವಹಣೆ ಖರ್ಚು ಯಾರ ತಲೆಗೆ? ಲಾರಿ ತಗೊಳ್ಳೋಕೆ ಸಾಲ ಸಿಗುತ್ತೆ, ಟೈರ್ ಬದಲಾಯಿಸೋಕೆ ಸಿಗಲ್ಲ. ಪರಿಹಾರದ ದುಡ್ಡಿನ ಕಥೆಯೂ ಅದೇ. ನೆಡೋಕೆ ಕೊಡ್ತಾರೆ, ಎರಡೋ ಮೂರೋ ವರ್ಷಕ್ಕೆ ಯೋಜನೆ ಮುಗಿಯುತ್ತೆ, ವರದಿ ಹೋಗುತ್ತೆ. ಗಿಡಕ್ಕೆ ಅಷ್ಟರಲ್ಲಿ ನಡು ಮಟ್ಟದ ಎತ್ತರ.

ಸುನಾಮಿ ಆದ್ಮೇಲೆ ಶ್ರೀಲಂಕಾದಲ್ಲಿ ಏನಾಯ್ತು ನೋಡಿ. ಇದು ಯಾವುದೋ ಒಂದು ಸಂಸ್ಥೆಯ ತಪ್ಪಿನ ಕಥೆ ಅಲ್ಲ. ಸರ್ಕಾರಿ ಇಲಾಖೆಗಳು, ಎನ್‌ಜಿಒಗಳು, ಹೀಗೆ ನೆಟ್ಟವರು ಹಲವರು. ಕೆಲವು ವರ್ಷ ಆದ್ಮೇಲೆ ಕೊಡಿಕಾರ ಅನ್ನೋ ಸಂಶೋಧಕರು ಮತ್ತು ಅವರ ಸಂಗಡಿಗರು ನಮ್ಮ ಆಡಿಟ್ ಆಫೀಸಿನ ಕೆಲಸವನ್ನೇ ಮಾಡಿದರು. ಒಂದೊಂದೇ ಜಾಗಕ್ಕೆ ಹೋಗಿ ಎಣಿಸಿದರು. 2017ರಲ್ಲಿ ಪ್ರಕಟವಾದ ಲೆಕ್ಕ ಇದು. ನೆಟ್ಟ ಜಾಗ ಒಟ್ಟು 23, ನೆಡುವ ಪ್ರಯತ್ನ 67 ಸಲ, ವಿಸ್ತೀರ್ಣ ಸಾವಿರದಿಂದ 1,200 ಹೆಕ್ಟೇರ್. ಅದರಲ್ಲಿ ಕಾಡಾಗಿ ಉಳಿದದ್ದು 200ರಿಂದ 220 ಹೆಕ್ಟೇರ್. 23ರಲ್ಲಿ 9 ಜಾಗದಲ್ಲಿ ಒಂದೇ ಒಂದು ಗಿಡವೂ ಬದುಕಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ಗಿಡ ಉಳಿದದ್ದು ಮೂರೇ ಕಡೆ: ಕಲ್ಪಿಟಿಯ, ಪಂಬಲ, ನೆಗೊಂಬೊ.

ಇದನ್ನ ಓದಿದಾಗ ನಾನು ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನ್ನ 300ರಲ್ಲಿ 11 ಏನೂ ವಿಶೇಷ ಆಗಿರಲಿಲ್ಲ.

ಕಾರಣಗಳೂ ಗುರುತು ಸಿಗೋ ಥರದ್ದೇ. ನೀರು ಬಹಳ ಹೊತ್ತು ನಿಲ್ಲೋ ತಗ್ಗಿನಲ್ಲಿ ನೆಟ್ಟಿದ್ರು, ಎಳೆ ಗಿಡ ಮುಳುಗಿ ಸತ್ತಿತ್ತು. ಮಣ್ಣು ಸರಿಯಿಲ್ಲದ ಕಡೆ ನೆಟ್ಟಿದ್ರು. ಎಳೆ ಗಿಡಕ್ಕೆ ಪಾಚಿ ಸುತ್ತಿಕೊಂಡಿತ್ತು, ಹುಳ ಹತ್ತಿತ್ತು, ದನ ತುಳಿದಿತ್ತು. ಮಾವ ಹೇಳಿದ ಅದೇ ದನ! ಮತ್ತೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಂಡಿದ್ದು ಏನಂದ್ರೆ, ನೆಟ್ಟ ಮೇಲೆ ಆರೈಕೆ ಮಾಡಿದ ಕಡೆ ಗಿಡ ಉಳಿದಿದೆ, ಮಾಡದ ಕಡೆ ಸತ್ತಿದೆ. ಅಷ್ಟೇ. ಇದನ್ನ ಕಂಡುಹಿಡಿಯೋಕೆ ಸಂಶೋಧನೆ ಬೇಕಾ ಅಂತ ನಿಮಗೆ ಅನ್ನಿಸಬಹುದು. ಬೇಕು, ಯಾಕಂದ್ರೆ ಪುಸ್ತಕದಲ್ಲಿ ಸಾವಿರ ಹೆಕ್ಟೇರ್ ಅಂತ ಇತ್ತು.

ಶ್ರೀಲಂಕಾ ಆಮೇಲೆ ಬೇರೆ ದಾರಿಯನ್ನೂ ಹಿಡಿಯಿತು. 2015ರಲ್ಲಿ ಸರ್ಕಾರ, ಸುದೀಶ ಅನ್ನೋ ಅಲ್ಲಿನ ಮೀನುಗಾರರ ಸಂಸ್ಥೆ, ಅಮೆರಿಕದ ಸೀಕಾಲಜಿ, ಮೂರೂ ಸೇರಿ ಹೊಸದು ನೆಡೋದಕ್ಕಿಂತ ಇರೋದನ್ನ ಕಾಯೋದು ಮುಖ್ಯ ಅಂದರು. ಅಳಿವೆ ಪಕ್ಕದ ಊರುಗಳ ಹೆಣ್ಣುಮಕ್ಕಳಿಗೆ ಸಣ್ಣ ಸಾಲ, ತರಬೇತಿ. ಬದಲಿಗೆ ತಮ್ಮ ಊರಿನ ಕಾಂಡ್ಲಾ ಕಾಯೋ ಜವಾಬ್ದಾರಿ. ಸುಮಾರು 15 ಸಾವಿರ ಹೆಂಗಸರನ್ನ ಇದರಲ್ಲಿ ಸೇರಿಸಿಕೊಳ್ಳೋ ಗುರಿ. ಕಾಯೋ ಕೆಲಸಕ್ಕೆ ಬೆಲೆ ಕಟ್ಟಿದ್ದು ನನಗೆ ಇದರಲ್ಲಿ ಇಷ್ಟವಾದ ಸಂಗತಿ.

ಈಗ ನಮ್ಮ ಪಕ್ಕದ ರಾಜ್ಯಕ್ಕೆ ಬರೋಣ. ಆ ಕಡಲೂರು ಜಿಲ್ಲೆಯಲ್ಲೇ ಪಿಚಾವರಂ ಇದೆ. ಚಿದಂಬರಂ ಹೋದವರು ದೋಣಿಯಲ್ಲಿ ಸುತ್ತಿರ್ತೀರಿ. ಅಲ್ಲಿನ ಕಾಂಡ್ಲಾವನ್ನ ಬ್ರಿಟಿಷರ ಕಾಲದಿಂದ 1970ರ ದಶಕದವರೆಗೂ ಸರದಿ ಪ್ರಕಾರ ಪಟ್ಟಿ ಪಟ್ಟಿಯಾಗಿ ಬೋಳು ಕಡೀತಿದ್ರು. ಕಡಿದ ಜಾಗ ತಾನಾಗೇ ಬೆಳೆಯುತ್ತೆ ಅನ್ನೋ ಲೆಕ್ಕ. ಬೆಳೀಲಿಲ್ಲ. ಕಾರಣ ಊರಿನವರು ಸೌದೆ ಕಡೀತಾರೆ, ದನ ಮೇಯಿಸ್ತಾರೆ ಅಂತ ಎಲ್ಲರೂ ನಂಬಿದ್ರು. ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನದವರು 1990ರ ದಶಕದಲ್ಲಿ ನೆಲ ಪರೀಕ್ಷೆ ಮಾಡಿದಾಗ ಬೇರೇನೇ ಗೊತ್ತಾಯ್ತು. ಮರ ಹೋದ ನೆಲ ಬಿಸಿಲಿಗೆ ಒಣಗಿ ಕುಸಿದು ತಟ್ಟೆಯ ಹಾಗೆ ತಗ್ಗಾಗಿತ್ತು. ಉಬ್ಬರದ ನೀರು ಒಳಬಂದು ವಾಪಸ್ ಹೋಗದೆ ನಿಂತು, ಆವಿಯಾಗಿ, ಉಪ್ಪು ಏರಿ ಏರಿ ಯಾವ ಗಿಡವೂ ತಡೆಯದ ಮಟ್ಟಕ್ಕೆ ಹೋಗಿತ್ತು. ತಪ್ಪು ಕಡಿಸಿದವರದ್ದು, ಬೈಗುಳ ಮೀನುಗಾರರಿಗೆ.

ಪರಿಹಾರ ಸರಳವಾಗಿತ್ತು: ಮೀನಿನ ಮುಳ್ಳಿನ ಆಕಾರದಲ್ಲಿ ಕಾಲುವೆ ತೋಡೋದು. ನಡುವೆ ದೊಡ್ಡದು, ಎರಡೂ ಕಡೆ ಸಣ್ಣವು. ಉಬ್ಬರ ಒಳಗೆ, ಇಳಿತ ಹೊರಗೆ. ಉಪ್ಪು ಇಳಿದ ಮೇಲೆ ಗಿಡ ಹಿಡಿಯಿತು. ಆದರೆ ಆ ಕಾಲುವೆಗಳು ಹೂಳು ತುಂಬಿಕೊಳ್ತವೆ, ಮತ್ತೆ ಮತ್ತೆ ತೆಗೀಬೇಕು. ಹಾಗಾಗಿ ಅರಣ್ಯ ಇಲಾಖೆ, ಪ್ರತಿಷ್ಠಾನ, ಊರಿನವರು ಮೂವರೂ ಸೇರಿ ಊರ ಮಟ್ಟದ ಸಮಿತಿ ಮಾಡಿಕೊಂಡರು. ಇದೇ ಕ್ರಮ ಆಂಧ್ರದ ಗೋದಾವರಿ, ಕೃಷ್ಣಾ ಅಳಿವೆಗಳಿಗೂ ಹೋಯಿತು. ಸುನಾಮಿಗೆ ಮೊದಲೇ ನಡೆದ ಕೆಲಸ ಇದು. 2004ರಲ್ಲಿ ಆ ಕಡೆಯ ಜನಕ್ಕೆ ಕಾಂಡ್ಲಾ ಹೊಸ ವಿಷಯ ಆಗಿರಲಿಲ್ಲ ಅನ್ನೋದಕ್ಕೆ ಇದೂ ಒಂದು ಕಾರಣ.

ಕಾಲುವೆಯ ಹೂಳಿನ ಬಗ್ಗೆ ಓದ್ತಾ ನನಗೆ ನೆನಪಾಗಿದ್ದು ಅಜ್ಜಿಮನೆಯ ಒಡ್ಡು. ಅಘನಾಶಿನಿ ಶಿರಸಿ ಕಡೆ ಹುಟ್ಟಿ ಕುಮಟಾ ತಾಲ್ಲೂಕಿನಲ್ಲಿ ಸಮುದ್ರ ಸೇರುತ್ತೆ. ಅದರ ಅಳಿವೆಯಲ್ಲಿ ಗಜನಿ ಅನ್ನೋ ಗದ್ದೆಗಳಿವೆ. ಮಳೆಗಾಲದಲ್ಲಿ ಕಗ್ಗ ಭತ್ತ. ಉಪ್ಪುನೀರು ತಡೆಯುತ್ತೆ, ಕೆಲವು ದಿನ ಮುಳುಗಿದ್ರೂ ಸಾಯಲ್ಲ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟರೆ ಸಿಗಡಿ, ಮೀನು. ನದಿಗೂ ಗಜನಿಗೂ ನಡುವೆ ಮಣ್ಣಿನ ಒಡ್ಡು, ಅದರ ಹೊರಮೈಗೆ ಅಲೆ ತಡೆಯೋಕೆ ಕಾಂಡ್ಲಾ. ಪ್ರತಿ ವರ್ಷ ಒಡ್ಡು ಅಲ್ಲಲ್ಲಿ ಕಿತ್ತು ಹೋಗೋದು, ಪ್ರತಿ ವರ್ಷ ಪಾಲುದಾರರೆಲ್ಲ ಸೇರಿ ಕಟ್ಟೋರು. ಯಾರ ಮನೆಯಿಂದ ಎಷ್ಟು ಆಳು ಅನ್ನೋ ಲೆಕ್ಕ ಹಿರಿಯರ ಬಾಯಲ್ಲೇ ಇರ್ತಿತ್ತು. ಅಧಿಕಾರಿಗಳ ಭಾಷೆಯಲ್ಲಿ ಹೇಳೋದಾದ್ರೆ ಅದೂ ಒಂದು 'ಸಹಭಾಗಿತ್ವ'. ಲೋಗೋ ಮಾತ್ರ ಇರಲಿಲ್ಲ.

1970ರ ದಶಕದಲ್ಲಿ ಸರ್ಕಾರ ಕಾಯಂ ಒಡ್ಡು ಕಟ್ಟಿಕೊಟ್ಟಿತು. ಉದ್ದೇಶ ಒಳ್ಳೇದೇ, ಬಡವರ ಕಷ್ಟ ತಪ್ಪಲಿ ಅಂತ. ಕಷ್ಟ ತಪ್ಪಿತು, ಜೊತೆಗೆ ಸೇರಿ ಕಟ್ಟೋದೂ ತಪ್ಪಿತು. ಒಡ್ಡು ಸರ್ಕಾರದ್ದು, ಒಡೆದ್ರೆ ಸರ್ಕಾರ ನೋಡ್ಕೊಳ್ಳಲಿ! 1990ರ ದಶಕದಲ್ಲಿ ಸಿಗಡಿ ಕೃಷಿಯ ದುಡ್ಡು ಬಂತು. ವರ್ಷಪೂರ್ತಿ ಉಪ್ಪುನೀರು ನಿಂತ ಗಜನಿಗಳಲ್ಲಿ ಕಗ್ಗ ಹೋಯಿತು. ಆಮೇಲೆ ಸಿಗಡಿಗೆ ರೋಗ ಬಂತು, ದುಡ್ಡೂ ಹೋಯಿತು. ನಮ್ಮ ಅಜ್ಜಿಯ ಪಾಲಿನ ಗಜನಿಯೂ ಹಾಗೇ ಬಿದ್ದಿದೆ.

ತಮಾಷೆ ಏನಂದ್ರೆ, ಒಡ್ಡು ಒಡೆದು ಉಬ್ಬರ ಇಳಿತ ಸರಾಗವಾದ ಆ ಜಾಗದಲ್ಲಿ ಯಾರೂ ನೆಡದೆ ಕಾಂಡ್ಲಾ ಎದ್ದಿದೆ. ನಾವು ಬ್ಯಾನರ್ ಹಿಡಿದು ನೆಟ್ಟ ಜಾಗದಿಂದ ನಡೆದ್ರೆ ಹತ್ತು ನಿಮಿಷ. ನನಗೆ ಖುಷಿಯಾಯ್ತು, ಮಾವನಿಗೆ ಆಗಲಿಲ್ಲ. "ನಿಂಗೆ ಕಾಡು ಕಾಣ್ತದೆ, ನಂಗೆ ಗದ್ದೆ ಹೋದದ್ದು ಕಾಣ್ತದೆ" ಅಂದ್ರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಒಡ್ಡಿನ ಹೊರಗೆ ಕಾಂಡ್ಲಾ, ಒಳಗೆ ಕಗ್ಗ ಅನ್ನೋ ಹಳೇ ವ್ಯವಸ್ಥೆಯಲ್ಲಿ ಈ ಜಗಳ ಇರಲಿಲ್ಲ ಅನ್ನೋದಷ್ಟೇ ನನಗೆ ಗೊತ್ತಿರೋದು.

ಇದನ್ನೆಲ್ಲ ಈಗ ಹೇಳೋಕೆ ಕಾರಣ ಇದೆ. ಕರ್ನಾಟಕದಲ್ಲಿರೋ ಕಾಂಡ್ಲಾ ತುಂಬ ಕಡಿಮೆ. 2021ರ ಅರಣ್ಯ ಸಮೀಕ್ಷೆ ಪ್ರಕಾರ ದೇಶದ್ದು 4,992 ಚದರ ಕಿ.ಮೀ., ಅದರಲ್ಲಿ ನಮ್ಮದು 13. ಹಾಗಾಗಿ ಇಲ್ಲಿ ಒಂದೊಂದು ಅಳಿವೆಯೂ ಲೆಕ್ಕಕ್ಕೆ ಬರುತ್ತೆ. 2023ರಲ್ಲಿ ಕೇಂದ್ರ ಸರ್ಕಾರ 'ಮಿಷ್ಟಿ' ಅನ್ನೋ ಯೋಜನೆ ಶುರು ಮಾಡಿತು. 5 ವರ್ಷದಲ್ಲಿ ಸುಮಾರು 540 ಚದರ ಕಿ.ಮೀ. ಕಾಂಡ್ಲಾ ಬೆಳೆಸೋ, ಹಾಳಾದದ್ದನ್ನ ಸರಿಪಡಿಸೋ ಗುರಿ. ಅದಕ್ಕೂ ಮೊದಲು, 2022ರಲ್ಲಿ, ಯುಎಇ ಮತ್ತು ಇಂಡೋನೇಷ್ಯಾ ಮುಂದಾಳತ್ವದ ಮ್ಯಾಂಗ್ರೋವ್ ಒಕ್ಕೂಟಕ್ಕೆ ಭಾರತವೂ ಸೇರಿತ್ತು. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ ಬಂತು, ಅಂದ್ರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ. ದುಡ್ಡು ಬರುತ್ತೆ, ಬಸ್ಸುಗಳು ಬರ್ತವೆ, ಬ್ಯಾನರ್ ಬರ್ತವೆ. ಎಷ್ಟು ನೆಟ್ಟರು ಅನ್ನೋ ಸಂಖ್ಯೆ ಪ್ರತಿ ಜೂನ್ 5ಕ್ಕೆ ಪೇಪರಲ್ಲೂ ಬರುತ್ತೆ. ಮೂರನೇ ವರ್ಷ ಎಷ್ಟು ಉಳಿದವು, ಕಾಯೋ ಹೆಂಗಸಿಗೆ ತಿಂಗಳಿಗೆ ಎಷ್ಟು ಕೊಟ್ಟರು, ಹೂಳು ತೆಗೆಯೋಕೆ ಎಷ್ಟಿಟ್ಟರು, ಈ ಕಾಲಮ್ಮುಗಳೂ ಅದೇ ಪಟ್ಟಿಯಲ್ಲಿ ಇರಬೇಕು ಅನ್ನೋದು ನನ್ನ ಒಂದೇ ತಕರಾರು.

ನಿಮ್ಮಿಂದ ಒಂದು ಸಹಾಯ ಬೇಕು. ಕಾರವಾರದಿಂದ ಮಂಗಳೂರಿನವರೆಗೆ ಎಲ್ಲಾದ್ರೂ ಕಾಲೇಜಿಂದಲೋ ಕಂಪನಿಯಿಂದಲೋ ಹೋಗಿ ಕಾಂಡ್ಲಾ ನೆಟ್ಟಿದ್ರೆ, ಮುಂದಿನ ಸಲ ಆ ಕಡೆ ಹೋದಾಗ ಇಳಿತದ ಹೊತ್ತು ನೋಡ್ಕೊಂಡು ಹೋಗಿ, ಬದುಕಿರೋ ಗಿಡ ಎಣಿಸಿ. ಯಾವ ವರ್ಷ, ಎಷ್ಟು ನೆಟ್ರಿ, ಈಗ ಎಷ್ಟಿದೆ ಅಂತ ಒಂದು ವಾಯ್ಸ್ ನೋಟ್ ಕಳಿಸಿ, ಒಂದು ಫೋಟೋ ಜೊತೆಗೆ. ನೆಟ್ಟ ದಿನದ ಫೋಟೋ ಬೇಡ, ಅದು ನನ್ನ ಹತ್ತಿರವೂ ಇದೆ. ಚಪ್ಪಲಿ ದಂಡೆ ಮೇಲೇ ಬಿಟ್ಟು ಇಳೀರಿ, ಕೆಸರು ವಾಪಸ್ ಕೊಡಲ್ಲ.